ಹಡಗಿನಿಂದ ಇಳಿಯದಿದ್ದರೆ ಆಧಾರ್ ಸಾಕೇ?

ರಜೆ ಹತ್ತಿರವಾಗುತ್ತಿದ್ದಂತೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಸುತ್ತುತ್ತದೆ: ‘ಕ್ರೂಸ್‌ಗೆ ಪಾಸ್‌ಪೋರ್ಟ್ ಬೇಡ, ಹಡಗಿನಿಂದ ಇಳಿಯದಿದ್ದರೆ ಆಧಾರ್ ಸಾಕು.’

ಇದು ಅರ್ಧ ಸತ್ಯ. ಮುಂಬೈ–ಗೋವಾದಂಥ ದೇಶದೊಳಗಿನ ಯಾನಕ್ಕೆ ಆಧಾರ್ ಅಥವಾ ವೋಟರ್ ಐಡಿಯ ಅಸಲು ಪ್ರತಿ ನಡೆಯುತ್ತದೆ. ಜೆರಾಕ್ಸ್ ನಂಬಿ ಹೋಗಬೇಡಿ. ಲಕ್ಷದ್ವೀಪವೂ ನಮ್ಮದೇ, ಆದರೆ ಅಲ್ಲಿಗೆ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು.

ಸಿಂಗಪುರದಿಂದ ಹೊರಡುವ ಹಡಗಿನ ಲೆಕ್ಕವೇ ಬೇರೆ. ಆಧಾರ್ ಗುರುತಿನ ಪುರಾವೆಯೇ ಹೊರತು ಪೌರತ್ವದ್ದಲ್ಲ. ಕಾರ್ಡಿನ ಮೇಲೇ ಹಾಗೆ ಅಚ್ಚಾಗಿದೆ. ಹಡಗು ಹತ್ತುವುದೆಂದರೆ ಆ ದೇಶದಿಂದ ಹೊರಬಿದ್ದಂತೆ, ಹಾಗಾಗಿ ನಡುವೆ ಎಲ್ಲೂ ಇಳಿಯದಿದ್ದರೂ ಪಾಸ್‌ಪೋರ್ಟ್ ಬೇಕೇ ಬೇಕು. ಇದು ಶರಾವತಿ ಹಿನ್ನೀರಿನ ಲಾಂಚ್ ಅಲ್ಲವಲ್ಲ! ಮಲೇಷ್ಯಾದ ಪೆನಾಂಗ್ ಮುಟ್ಟಿ ಸಿಂಗಪುರಕ್ಕೆ ಮರಳಿದರೆ ಎರಡನೇ ಪ್ರವೇಶ. ವೀಸಾ ಒಂದೇ ಪ್ರವೇಶದ್ದಾದರೆ ಹತ್ತಲೇ ಬಿಡದಿರಬಹುದು. ಪಾಸ್‌ಪೋರ್ಟ್‌ಗೆ ಮರಳುವ ದಿನದಿಂದ 6 ತಿಂಗಳಾದರೂ ಅವಧಿ ಉಳಿದಿರಲಿ.

ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಇನಿಷಿಯಲ್‌ನಲ್ಲಿ. ಆಧಾರ್‌ನಲ್ಲಿ ‘ಹೆಚ್.ಎಸ್. ರಮೇಶ’, ಪಾಸ್‌ಪೋರ್ಟ್‌ನಲ್ಲಿ ‘ಹೊಸನಗರ ಶ್ರೀಧರ ರಮೇಶ’. ಟಿಕೆಟ್ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ, ಒಂದಕ್ಷರವೂ ಆಚೀಚೆ ಬೇಡ.

ವಯಸ್ಕರ 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ತತ್ಕಾಲ್‌ಗೆ ಇನ್ನೂ 2,000. ಮಕ್ಕಳದ್ದು 5 ವರ್ಷಕ್ಕೇ ಮುಗಿಯುತ್ತದೆ, ಅದನ್ನು ಮೊದಲು ತೆಗೆದು ನೋಡಿ. ಪೊಲೀಸ್ ಪರಿಶೀಲನೆಯ ದಿನ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಸಿಗಬೇಕು. ತೋಟದ ಮನೆಯದ್ದು ಕೊಟ್ಟು ಪೇಟೆಯಲ್ಲಿ ಕೂತರೆ ಕಡತ ಅಲ್ಲೇ ನಿಲ್ಲುತ್ತದೆ.