ಎತ್ತಿನಹೊಳೆ ಮಹಾಕಾವ್ಯಕ್ಕೆ ಲಕ್ಷಣದ ಕೊರತೆಯಿಲ್ಲ

ಮಹಾಕಾವ್ಯದ ಯುಗ ಮುಗಿಯಿತೆಂದು ಕೊರಗುವ ವಿಮರ್ಶಕರು ಒಮ್ಮೆ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಬಂದು, ಪಶ್ಚಿಮ ಘಟ್ಟದ ಹೊಳೆಗಳ ನೀರನ್ನೆತ್ತಿ ಈ ಬರಸೀಮೆಗೆ ಹರಿಸಹೊರಟ ಎತ್ತಿನಹೊಳೆ ಯೋಜನೆಯ ಕಡತವನ್ನು ಓದಬೇಕು. 2014ರಲ್ಲಿ ಶಂಕುಸ್ಥಾಪನೆಯೆಂಬ ಮಂಗಳಾಚರಣೆ ಕಂಡಾಗ ಸುಮಾರು 12,912 ಕೋಟಿ ರೂಪಾಯಿಯಷ್ಟಿದ್ದ ಈ ಕೃತಿ ಬೆಳೆಯುತ್ತ ಬೆಳೆಯುತ್ತ 23,251 ಕೋಟಿಯನ್ನು ಮುಟ್ಟಿತು. ವಿಸ್ತಾರವಿಲ್ಲದೆ ಮಹಾಕಾವ್ಯವಿಲ್ಲವೆಂದು ಬಲ್ಲವರು ಇದಕ್ಕೆ ಆಕ್ಷೇಪವೆತ್ತಲಾರರು. ಚಿಕ್ಕಬಳ್ಳಾಪುರವನ್ನು ಎರಡು ಅವಧಿಗೆ ಲೋಕಸಭೆಯಲ್ಲಿ ಪ್ರತಿನಿಧಿಸಿದ ವೀರಪ್ಪ ಮೊಯಿಲಿಯವರು ಸ್ವತಃ ಮಹಾಕಾವ್ಯ ಬರೆದವರೆಂಬುದೂ ಇಲ್ಲಿ ಸ್ಮರಣೀಯ.

ಮಹಾಕಾವ್ಯದಲ್ಲಿರಬೇಕಾದ ಅಷ್ಟಾದಶ (ಹದಿನೆಂಟು) ವರ್ಣನೆಗಳ ವಿಷಯದಲ್ಲಂತೂ ಸರ್ಕಾರ ಸಂಸ್ಕೃತ ಲಾಕ್ಷಣಿಕ ದಂಡಿಯ 'ಕಾವ್ಯಾದರ್ಶ'ವನ್ನು ಎದುರಿಗಿಟ್ಟುಕೊಂಡೇ ಟೆಂಡರ್ ಕರೆದಂತಿದೆ. ಶೈಲವರ್ಣನೆಗೆ ಸಕಲೇಶಪುರದ ಘಟ್ಟವಿದೆ. ಋತುವರ್ಣನೆಗೆ, ನೀರೆತ್ತಲು ಅನುಮತಿಯಿರುವ ಮುಂಗಾರಿನ ತಿಂಗಳುಗಳಿವೆ. ಸಮುದ್ರವರ್ಣನೆಯನ್ನು 'ವ್ಯರ್ಥವಾಗಿ ಕಡಲು ಸೇರುವ ನೀರು' ಎಂಬ ಒಂದೇ ಸಾಲಿನಲ್ಲಿ ಪ್ರತಿಯೊಬ್ಬ ಭಾಷಣಕಾರರೂ ಮುಗಿಸಿಕೊಡುತ್ತಾರೆ. ಮಂತ್ರಾಲೋಚನೆ ಸಂಪುಟ ಸಭೆಯಲ್ಲಿ, ದೌತ್ಯ ದೆಹಲಿಯಲ್ಲಿ, ಯುದ್ಧ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಜಲಾಶಯಕ್ಕೆ ಜಮೀನು ಕಳೆದುಕೊಳ್ಳಬೇಕಾದ ರೈತರೊಡನೆ. ಜಲಕ್ರೀಡೆಯೊಂದನ್ನು ಮಾತ್ರ, ಸಾವಿರ ಅಡಿ ಕೊರೆದರೂ ಧೂಳೇಳುವ ಕೊಳವೆಬಾವಿಗಳ ಸೀಮೆಯಲ್ಲಿ, ಓದುಗರ ಪ್ರತಿಭೆಗೇ ಬಿಡಲಾಗಿದೆ.

ಗ್ರೀಕರ ಸಂಪ್ರದಾಯವನ್ನೂ ನಮ್ಮವರು ಕಡೆಗಣಿಸಿಲ್ಲ. ಹೋಮರನು ತನ್ನ 'ಇಲಿಯಡ್' ಮಹಾಕಾವ್ಯದಲ್ಲಿ ವೀರ ಅಕಿಲೀಸನನ್ನು ಹೆಸರಿಸುವಾಗ 'ಶೀಘ್ರಪಾದ' ಎಂಬ ವಿಶೇಷಣವನ್ನು ಮತ್ತೆ ಮತ್ತೆ ತರುವ ಹಾಗೆ, ಇಲ್ಲಿಯ ಫ್ಲೆಕ್ಸುಗಳಲ್ಲಿ ಪಕ್ಷಭೇದವಿಲ್ಲದೆ ಎಲ್ಲ ನಾಯಕರೂ 'ಆಧುನಿಕ ಭಗೀರಥ'ರೇ. (ಪುರಾಣದ ಭಗೀರಥನು ಗಂಗೆಯನ್ನು ಇಳಿಸಿದ ಮೇಲೆ ಹೆಸರು ಪಡೆದನು, ಈಗ ಕ್ರಮ ತಿರುವುಮುರುವಾಗಿದೆ.) 'ಇಲಿಯಡ್'ನ ಎರಡನೆಯ ಸರ್ಗದ ಸುದೀರ್ಘ ಹಡಗುಪಟ್ಟಿಯನ್ನು ಓದಿ ಬೇಸತ್ತವರು, ಅದೇ ಫ್ಲೆಕ್ಸಿನ ಕೆಳಗೆ ಸಾಲುಗಟ್ಟಿದ ಮಾಜಿ ಸದಸ್ಯರು, ಹಾಲಿ ನಿರ್ದೇಶಕರು ಹಾಗೂ ಯುವ ಮುಖಂಡರ ಭಾವಚಿತ್ರಗಳನ್ನು ಕಂಡರೆ ಹೋಮರನ ಸಂಯಮಕ್ಕೆ ತಲೆದೂಗುವರು.

ಉಪಕಥೆಯೂ ಉಂಟು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾದಾಗ, ಕಾಲುವೆ ಮುಂದಕ್ಕೆ ಸಿದ್ಧವಿಲ್ಲದ ಕಾರಣ ಎತ್ತಿದ ನೀರನ್ನು ತಾತ್ಕಾಲಿಕವಾಗಿ ವಾಣಿವಿಲಾಸ ಸಾಗರದ ಕಡೆಗೆ ಹರಿಸಲಾಯಿತು. ಗ್ರೀಕರು ಮುತ್ತಿದ ಟ್ರಾಯ್ ನಗರ ಹತ್ತು ವರ್ಷಕ್ಕೆ ಬಿದ್ದಿತ್ತು. ನಮ್ಮ ಕಥಾನಾಯಕನು ಹತ್ತು ವರ್ಷಕ್ಕೆ ದಾರಿ ಬದಲಿಸಿ ಚಿತ್ರದುರ್ಗ ಜಿಲ್ಲೆಗೆ ಹೋದನು.

ಇನ್ನು ಉಳಿದದ್ದು ಕೊನೆಯ ಲಕ್ಷಣವಾದ ನಾಯಕಾಭ್ಯುದಯ, ಅಂದರೆ ಕೋಲಾರದ ನಲ್ಲಿಯಲ್ಲಿ ನೀರು ಬರುವುದು. ಅದಿಲ್ಲದೆ ಕಾವ್ಯ ಅಪೂರ್ಣವೆನ್ನುವ ಅರಸಿಕರಿಗೆ ದಂಡಿಯೇ ಉತ್ತರವಿತ್ತಿದ್ದಾನೆ: ಕೆಲವು ಅಂಗಗಳು ಕೊರತೆಯಾದರೂ, ಇರುವ ಭಾಗದ ಸಂಪತ್ತು ಬಲ್ಲವರನ್ನು ಸಂತೋಷಪಡಿಸಿದರೆ ಕಾವ್ಯಕ್ಕೆ ದೋಷವಿಲ್ಲ. ಪೈಪು ಪೂರೈಸಿದ ಬಲ್ಲವರ ಬಿಲ್ಲುಗಳು ಮಂಜೂರಾಗುತ್ತಲೇ ಇವೆ.