ವಿಂಡೋಸ್ 11ಕ್ಕೆ 16 ಜಿಬಿ ರ‍್ಯಾಮ್ ಕಡ್ಡಾಯವಲ್ಲ

"16 ಜಿಬಿ ರ‍್ಯಾಮ್ ಇಲ್ಲದಿದ್ದರೆ ವಿಂಡೋಸ್ 11 ಹಾಕಲಿಕ್ಕೇ ಆಗದು" ಎಂಬ ಸಂದೇಶ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ. ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಮಿತಿ 4 ಜಿಬಿ. 16 ಜಿಬಿಯ ಷರತ್ತು ಇರುವುದು 2024ರಲ್ಲಿ ಬಂದ, ಎಐ ಕೆಲಸಗಳಿಗೆಂದೇ ಮಾಡಿದ ಕೋಪೈಲಟ್ ಪ್ಲಸ್ ಪಿಸಿಗಳಿಗೆ. ಈ ಭಯಕ್ಕೆ ಬಿದ್ದು ದಯವಿಟ್ಟು ಯಾರೂ ಹೊಸ ಕಂಪ್ಯೂಟರಿಗೆಂದು ಸಾಲ ಮಾಡಬೇಡಿ.

ಹಾಗೆಂದು 4 ಜಿಬಿಯದ್ದೂ ಬೇಡ, ಬ್ರೌಸರ್ ತೆರೆದರೆ ತೆವಳುತ್ತದೆ. ಕನ್ನಡ ಟೈಪಿಂಗ್, ಮಕ್ಕಳ ಪಾಠ, ಅಡಿಕೆಯ ಲೆಕ್ಕಪತ್ರಕ್ಕೆ 8 ಜಿಬಿ ಸಾಕು. ಮದುವೆ ವಿಡಿಯೊ ಎಡಿಟಿಂಗ್ ಮಾಡುವವರಿಗೆ 16 ಜಿಬಿ, ಸಾಧ್ಯವಾದರೆ 32 ಜಿಬಿ ಬೇಕು. ಡೆಸ್ಕ್‌ಟಾಪ್‌ಗೆ ಆಮೇಲೂ ರ‍್ಯಾಮ್ ಸೇರಿಸಬಹುದು. ಆದ್ದರಿಂದ ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡ್‌ನಲ್ಲಿ ರ‍್ಯಾಮ್ ಕೂರಿಸುವ ಖಾಲಿ ಸ್ಲಾಟ್ ಇದೆಯೇ, ಅದಕ್ಕೆ ಹೊಂದುವುದು ರ‍್ಯಾಮಿನ ಎರಡು ಬಗೆಗಳಾದ ಡಿಡಿಆರ್4, ಡಿಡಿಆರ್5ರಲ್ಲಿ ಯಾವುದು ಎಂದು ಅಂಗಡಿಯಲ್ಲೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.