ಕೋಡ್‌ಬ್ಲಾಕ್ಸ್ ಬಿಡಬ್ಯಾಡ್ರಿ, ಸರಿಯಾದ ಫೈಲ್ ಇಳಿಸ್ಕೊಳ್ರಿ

ಕಲಬುರಗಿ, ಬೀದರ್ ಕಡೆಯ ಡಿಪ್ಲೊಮಾ ಹುಡುಗರು ಸಿ, ಸಿ++ ಪ್ರೋಗ್ರಾಂ ಬರೆಯೋ ತಂತ್ರಾಂಶ ಕೋಡ್‌ಬ್ಲಾಕ್ಸ್ ಬಿಡಬೇಕು, ಅದರಲ್ಲಿ ಕಂಪೈಲರ್ರೇ (ಬರೆದ ಕೋಡನ್ನ ಗಣಕ ನಡೆಸೋ ಹಂಗ ತಿರುಗಿಸೋದು) ಸಿಗೋದಿಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದೀರಿ. ಇದು ಸರಿ ಅಲ್ರಿ. ವಿಂಡೋಸ್‌ಗೆ ಅದರ ಸೆಟಪ್ ಫೈಲು ಎರಡು ಥರ ಬರ್ತದ: ಬರೇ ಎಡಿಟರ್ ಇರೋದು ಒಂದು, ಹೆಸರಿನಲ್ಲಿ 'ಮಿಂಜಿಡಬ್ಲ್ಯೂ' (mingw) ಅಂತ ಇರೋದು ಇನ್ನೊಂದು. ಜಿಸಿಸಿ ಕಂಪೈಲರ್, ಕೋಡಿನ ತಪ್ಪು ಹುಡುಕಾಕ ನೆರವಾಗೋ ಜಿಡಿಬಿ ಡೀಬಗರ್ ಎರಡನೇದರೊಳಗೇ ಇರ್ತಾವ. ಹೆಚ್ಚಿನವರು ಸಣ್ಣ ಫೈಲ್ ನೋಡಿ ಮೊದಲನೇದನ್ನ ಇಳಿಸ್ತಾರ, ಅಲ್ಲೇ ಕೆಲಸ ಕೆಡ್ತದ.

ಆಮೇಲೂ ಕಂಪೈಲರ್ ಸಿಗದಿದ್ದರ ಸೆಟ್ಟಿಂಗ್ಸ್, ಕಂಪೈಲರ್, ಟೂಲ್‌ಚೈನ್ ಎಕ್ಸಿಕ್ಯೂಟಬಲ್ಸ್‌ಗೆ ಹೋಗಿ ಆಟೋ-ಡಿಟೆಕ್ಟ್ ಒತ್ತಿ. ಕೈಯಿಂದ ದಾರಿ ಕೊಡೋದಾದರ ಮಿಂಜಿಡಬ್ಲ್ಯೂ ಫೋಲ್ಡರ್‌ಗೇ ನಿಲ್ಲಿಸಿ. ಅದರೊಳಗಿನ 'ಬಿನ್' ಅನ್ನ ತಾನೇ ಹುಡುಕ್ತದ, ನೀವೂ 'ಬಿನ್' ಸೇರಿಸಿದರ ಸಿಗೋದಿಲ್ಲ.

ಬ್ರೇಕ್‌ಪಾಯಿಂಟ್ (ಕೋಡನ್ನ ನಡುವೆ ನಿಲ್ಲಿಸಿ ನೋಡೋ ಗುರುತು) ಹತ್ರ ಪ್ರೋಗ್ರಾಂ ನಿಲ್ಲೋದಿಲ್ಲ ಅನ್ನೋ ದೂರಿಗೂ ಕಾರಣ ಅದ. ಒಂದೇ ಸಿ ಫೈಲ್ ಮಾತ್ರ ತೆರೆದರ ಡೀಬಗರ್ ನಡಿಯೋದಿಲ್ಲ, ಪ್ರಾಜೆಕ್ಟ್ ಮಾಡಲೇಬೇಕು. ಬಿಲ್ಡ್ ಟಾರ್ಗೆಟ್ 'ರಿಲೀಸ್' ಅಲ್ಲ, 'ಡೀಬಗ್' ಇರಲಿ. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗವಾಗಲಿ, ಕನ್ನಡ ಅಕ್ಷರವಾಗಲಿ ಬ್ಯಾಡ, ಜಿಡಿಬಿ ತಡವರಿಸ್ತದ.

ಹಳೇದು ಅಂದೀರಿ. ಆದರ ಮೊದಲನೇದರ ನಂತರವೂ ಹೊಸ ಆವೃತ್ತಿ ಬಂದಾವ, ಆವೃತ್ತಿಯ ಅಂಕಿಯೇ ವರ್ಷ, ತಿಂಗಳು ಹೇಳ್ತದ. ಮೊದಲ ಸ್ಥಿರ ಆವೃತ್ತಿ 8.02, ಅಂದರ 2008ರ ಫೆಬ್ರವರಿ, 20.03 ಅಂದರ 2020ರ ಮಾರ್ಚ್. ಸಿ++ನಲ್ಲಿ, ಡಬ್ಲ್ಯೂಎಕ್ಸ್‌ವಿಜೆಟ್ಸ್ ಅನ್ನೋ ಕೋಡ್ ಸಂಗ್ರಹದ ಮೇಲೆ ಕಟ್ಟಿದ್ದು, ಜಾವಾ ಬೇಕಿಲ್ಲ. ಅದಕ್ಕೇ ಕಡಿಮೆ ರ‍್ಯಾಮಿನ ಲ್ಯಾಬ್ ಕಂಪ್ಯೂಟರಿಗೆ ಇದು ಭಾರ ಆಗೋದಿಲ್ಲ. ಜಿಪಿಎಲ್ ಅನ್ನೋ ಮುಕ್ತ ತಂತ್ರಾಂಶದ ಲೈಸೆನ್ಸ್ ಇರೋದರಿಂದ ಕಾಲೇಜು ಎಷ್ಟು ಗಣಕಕ್ಕ ಬೇಕಾದರೂ ಹಾಕ್ಕೋಬಹುದು. ಉಬುಂಟು ಲಿನಕ್ಸ್ ಇದ್ದವರು ಕಂಪೈಲರ್ ಇರೋ ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜನ್ನೂ ಜೊತೆಗೇ ಹಾಕ್ರಿ.